ಬೂಟಿನ ಹಾಡಿನ ಕೊನೆಯ ಸಾಲು

ಯಾರ್ಕ್‌ಷೈರ್‌ನಲ್ಲಿ ನನ್ನಂಥ ಡ್ರಮ್ಮರ್ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ. ನಾನು ಬಾರ್ನ್ಸ್ಲಿಯಲ್ಲಿ ಬಾರಿಸಿದರೆ ಲೀಡ್ಸ್‌ನಲ್ಲಿ ಬಿಯರು ನೊರೆಯೇಳುತ್ತಿತ್ತು. ಇಂಥ ನಾನು ಐವತ್ತು ವರ್ಷ ಒಬ್ಬ ಹೆಂಗಸಿನ ಬೆನ್ನ ಹಿಂದೆ ಕೂತೆನೆಂದರೆ ಅವಳ ಗಂಟಲು ಎಂಥದಿರಬೇಕು, ನೀವೇ ಅಂದಾಜು ಮಾಡಿ. ಎನಿಡ್ ಥ್ರೆಲ್‌ಫಾಲ್ ಬ್ಲೂಸ್ ಎಂಬ ಅಳಲಿನ ಹಾಡು ಹಾಡಿದರೆ ಕಲ್ಲಿದ್ದಲೂ ಬೆವರುತ್ತಿತ್ತು.

ಜನ ಮಾತ್ರ ಅವಳನ್ನು ನೆನಪಿಟ್ಟುಕೊಂಡದ್ದು ‘ಟಿಂಗ್ ಟಾಂಗ್ ಟಾಮಿ’ಗೆ. ಇಪ್ಪತ್ತರ ಪ್ರಾಯದಲ್ಲಿ ಅವಳ ಬ್ಲೂಸ್ ಕೇಳಿ ಮೆಚ್ಚಿದ ಲಂಡನ್ನಿನ ಕಂಪನಿಯವರು ಕರೆಸಿಕೊಂಡು, ಗಿಡ್ಡ ಲಂಗ ತೊಡಿಸಿ, ಬಾಗಿಲ ಗಂಟೆಯ ಹಾಡು ಹಾಡಿಸಿದರು. ಆ ಬೇಸಿಗೆ ಹಾಲಿನವನಿಂದ ಬಿಷಪ್ಪನವರೆಗೆ ಇಡೀ ದೇಶ ಟಿಂಗ್ ಟಾಂಗ್ ಅಂದಿತು. ಆಮೇಲೆ ಕಡಲತೀರದ ರಜಾ ಶಿಬಿರ, ಹಡಗು, ಸೂಪರ್ ಮಾರ್ಕೆಟ್ಟಿನ ಉದ್ಘಾಟನೆ, ಎಲ್ಲಿ ಹೋದರೂ ಅದೇ ಗಂಟೆ. ಮೊಣಕಾಲು ಸವೆದರೂ ಲಂಗ ಉದ್ದವಾಗಲಿಲ್ಲ.

ಅವಳದೇ ಒಂದು ಹಾಡಿತ್ತು, ಯಾವ ಕಂಪನಿಯೂ ಮುಟ್ಟದ್ದು. ವ್ಯಾನಿನಲ್ಲಿ, ಖಾಲಿ ಹಾಲ್‌ಗಳಲ್ಲಿ ನಾವಿಬ್ಬರೇ ಅಭ್ಯಾಸ ಮಾಡುತ್ತಿದ್ದದ್ದು. ಹಾಡಿನಲ್ಲಿ ಒಲೆಯ ಪಕ್ಕ ಅಪ್ಪನ ಬೂಟು. ಅಮ್ಮ ಮಸಿ ಒರೆಸುತ್ತಾಳೆ, ಲೇಸು ಬಿಗಿಯುತ್ತಾಳೆ. ಅಲ್ಲಿಗೆ ಮೌನ. ಆ ಮೌನದಲ್ಲಿ ನೀವು ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಬಹುದಿತ್ತು. ಆಮೇಲೆ ಒಂದೇ ಸಾಲು: ‘ಗಣಿಯಿಂದ ಬೂಟು ಬಂತು, ಅಪ್ಪ ಬರಲಿಲ್ಲ.’ ಅದರ ಮೇಲೆ ನನ್ನದೊಂದು ಏಟು.

ಅವಳಿಗೆ ಎಪ್ಪತ್ತು ದಾಟಿದ ಮೇಲೆ ಅದೃಷ್ಟ ಬಾಗಿಲು ತಟ್ಟಿತು. ಜೂಲಿಯನ್ ಅಂತ ರೆಕಾರ್ಡ್ ಕಂಪನಿಯ ಹುಡುಗ ಭಾನುವಾರ ಮಧ್ಯಾಹ್ನ ನಮ್ಮ ಗಣಿ ಕಾರ್ಮಿಕರ ಕ್ಲಬ್ಬಿಗೆ ಬರುವುದೆಂದಾಯಿತು. ಬೂಟಿನ ಹಾಡು ಹಿಡಿಸಿದರೆ ರೆಕಾರ್ಡ್. ಎನಿಡ್ ವಾರವಿಡೀ ಉಸಿರನ್ನೂ ಮಿತವಾಗಿ ಬಳಸಿದಳು.

ನಮ್ಮ ಕ್ಲಬ್ಬಿನಲ್ಲಿ ಕಾರ್ಯದರ್ಶಿ ವಿಲ್ಫ್ ಮೈಕು ಊದಿದರೆ ರಾಣಿಯಾದರೂ ಬಾಯಿ ಮುಚ್ಚಬೇಕು.

‘ವಿಲ್ಫ್, ಇವತ್ತೊಂದಿನ ಹಾಡು ಮುಗಿಯೋ ತನಕ ಬಾಯಿ ಹಾಕ್ಬೇಡ ಕಣೋ,’ ಅಂದಳು ಎನಿಡ್.

‘ಮುಗಿಯೋ ತನಕ ನೊಣನೂ ಗುಂಯ್ ಅನ್ನಲ್ಲ ಬಿಡಕ್ಕ. ಮುಗಿದ ತಕ್ಷಣ ತಿನ್ನೋಕೆ ಬಿಸಿ ಪೈ. ಆರೋದ್ರೆ ಇವ್ರು ನನ್ನನ್ನೇ ಒಲೆಗೆ ಹಾಕ್ತಾರೆ.’

ಮಾತು ಉಳಿಸಿಕೊಂಡ. ಅವನ ಒಂದು ಗದರಿಕೆಗೆ ಗ್ಲಾಸಿನಲ್ಲಿ ಗುಳ್ಳೆಗಳೂ ನಿಂತವು. ಎನಿಡ್ ಹಾಡಿದಳು. ಜೂಲಿಯನ್ ಕುರ್ಚಿಯ ತುದಿಗೆ ಬಂದ. ಲೇಸು ಬಿಗಿದಾಯಿತು. ಮೌನ. ನಾನು ಕೋಲೆತ್ತಿದೆ.

ಮೈಕು ಊದಿದ ಸದ್ದು. ‘ಎನಿಡಕ್ಕಂಗೆ ಚಪ್ಪಾಳೆ! ಪೈ ಬಂದಿವೆ! ಮಾಂಸದ್ದು ಮೊದ್ಲು. ಮೇಜಿಗೊಬ್ರೇ ಬನ್ರಪ್ಪ, ನುಗ್ಗಬೇಡಿ!’

ಆ ಕ್ಲಬ್ಬಿನಲ್ಲಿ ಹಾಡಿನ ನಡುವೆ ಬಾಯಿ ಮುಚ್ಚಿದ ಗಾಯಕಿಯನ್ನು ವಿಲ್ಫ್ ಜನ್ಮದಲ್ಲಿ ಕಂಡವನಲ್ಲ. ಮುಚ್ಚಿದಳೆಂದರೆ ಮುಗಿಯಿತು. ಕುರ್ಚಿಗಳೆಲ್ಲ ಒಟ್ಟಿಗೆ ಕಿರುಚಿದವು.

‘ಇನ್ನೂ ಒಂದು ಸಾಲಿತ್ತಲ್ಲೋ,’ ಅಂದಳು ಎನಿಡ್.

‘ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಹಾಡು ಹಾಡು, ಆ ಮೂಲೆಯವ್ರು ಇನ್ನೂ ಎದ್ದಿಲ್ಲ.’

ಜೂಲಿಯನ್ ಪೈ ಹಿಡಿದು ಬಂದ, ಗಲ್ಲಕ್ಕೆ ಸಾರು ಮೆತ್ತಿಕೊಂಡು. ‘ಮೇಡಂ, ಬೂಟಿನ ಮೇಲೆ ಎಷ್ಟು ಮುದ್ದಾದ ಹಾಡು! ನಮ್ಮಜ್ಜಿನೂ ಹೀಗೇ ಒರೆಸ್ತಿದ್ರು.’

ನಾನು ಬಾಯಿ ತೆರೆದೆ. ಎನಿಡ್ ನನ್ನ ಕಾಲು ತುಳಿದಳು. ‘ಬಿಡೋ ಸಿರಿಲ್. ಬಿಡಿಸಿ ಹೇಳೋ ಸಾಲಲ್ಲ ಅದು.’

‘ಆದ್ರೆ ಟಾಮಿನ ಈಗಿನ ದನಿಲಿ ಹೊಸದಾಗಿ ಮಾಡಿದ್ರೆ, ಜನ ಹುಚ್ಚಾಗ್ತಾರೆ ಮೇಡಂ.’

ಎನಿಡ್ ಅವನ ಗಲ್ಲದ ಸಾರನ್ನೇ ನೋಡುತ್ತಿದ್ದಳು. ‘ಯಾವತ್ತು ಬರ್ಲಿ? ಗಿಡ್ಡ ಲಂಗ ನಾನೇ ತರ್ಬೇಕೋ, ನೀವೇ ಕೊಡ್ತೀರೋ?’

ಅವನು ನಕ್ಕ. ತಮಾಷೆ ಅಂದುಕೊಂಡ.

ಪೈ ಮುಗಿಸಿದ ಜನ ಟಿಂಗ್ ಟಾಂಗ್ ಅಂತ ಮೇಜು ಕುಟ್ಟತೊಡಗಿದರು. ನನ್ನ ಕೋಲು ಇನ್ನೂ ಮೇಲೇ ಇತ್ತು.

‘ಇಳಿಸೋ ಮಾರಾಯ,’ ಅಂದಳು, ‘ಟಾಮಿ ಕಾಯ್ತಿದಾನೆ.’

ಅವಳಪ್ಪನಿಗೆಂದು ಇಷ್ಟು ವರ್ಷ ಕಾಯ್ದಿಟ್ಟ ಏಟು ಟಿಂಗ್‌ನ ಮೇಲೆ ಬಿತ್ತು. ಜನ ಹೋ ಅಂದರು. ಎನಿಡ್ ಅವತ್ತಿನ ಉದ್ದ ಲಂಗದ ತುದಿ ಹಿಡಿದು ನಕ್ಕಳು.