ಬೀದಿಯೆಲ್ಲ ಬೇವು

ತಮಿಳುನಾಡಿನ ನಿಲಕ್ಕೋಟ್ಟೈ ಕಡೆಯ ಒಂದು ಊರಿನಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ, ಮನೆಯೊಳಗೆ ಯಾರಿಗೋ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿದೆ, ಯಾರೂ ಬರಬೇಡಿ ಎಂದೇ ಅರ್ಥ. ತೊಂಬತ್ತೆಂಟರ ಬೇಸಿಗೆಯಲ್ಲಿ ಬೀದಿಯ ಕೊನೆಮನೆಯ ಮಾಯಾಂಡಿಯ ಮಗಳಿಗೆ ಮೈತುಂಬ ಗುಳ್ಳೆ ಎದ್ದು, ಅವನ ಬಾಗಿಲಿಗೆ ಸೊಪ್ಪು ಬಂತು.

ಅದೇ ಬೀದಿಯ ಚೆಲ್ಲಮ್ಮಾಳ್‌ಗೆ ಬೇವಿನ ಮೇಲೆ ಬಲು ನಂಬಿಕೆ. ಮೊದಲೇ ಕಟ್ಟಿಬಿಟ್ಟರೆ ಅಮ್ಮ ಇತ್ತ ತಿರುಗಿಯೂ ನೋಡಳು ಎಂದುಕೊಂಡು ತನ್ನ ಬಾಗಿಲಿಗೂ ಎರಡು ಕೊಂಬೆ ಸಿಕ್ಕಿಸಿ, ಮಲ್ಲಿಗೆ ಬಿಡಿಸಲು ತೋಟಕ್ಕೆ ಹೋದಳು.

ಮರುದಿನ ಎದುರು ಮನೆಗೂ ಬೇವು. ಮೂರನೆಯ ದಿನ ಸಾಲಿಗೆ ಸಾಲೇ ಹಸಿರು. ಹಾಲಿನವನು ಬೀದಿಯ ಬಾಯಲ್ಲೇ ಕ್ಯಾನ್ ಇಟ್ಟು ಓಡಿದ. ಹೂವಿನ ವ್ಯಾನ್ ಒಳಗೆ ಬರಲಿಲ್ಲ. ಚೆಲ್ಲಮ್ಮಾಳ್ ಸೊಳ್ಳೆ ಕಚ್ಚಿದ ಗುರುತು ಕಂಡರೂ ಅಮ್ಮನ ಗುಳ್ಳೆಯೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕೊನೆಗೆ ತಡೆಯಲಾರದೆ ಎದುರು ಮನೆಯ ಪಾಂಡೀಶ್ವರಿಯನ್ನು ಅಂಗಳದಿಂದಲೇ ಕೂಗಿದಳು.

"ನಿಮ್ಮನೇಲಿ ಯಾರ್ಗೆ ಬಂದದೆ ತಾಯಿ?"

"ನಮ್ಗೆ ಯಾರ್ಗೂ ಇಲ್ಲಕ್ಕಾ. ನೀವು ಕಟ್ಟಿದ್ರಿ, ಅಂಜ್ಕೊಂಡು ನಾವೂ ಕಟ್ಟಿದೋ. ನಿಮ್ಮನೇಲಿ ಯಾರ್ಗೆ?"

ಚೆಲ್ಲಮ್ಮಾಳ್‌ಗೆ ನಗು ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು. ಸೊಪ್ಪು ಕಿತ್ತು ಆಡಿನ ಮುಂದೆ ಎಸೆದಳು. "ಸುಮ್ನೆ ಕಟ್ಟಿದೋರೆಲ್ಲಾ ಬಿಚ್ರೀ!" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬಂದಳು.

ಸಂಜೆಯ ಹೊತ್ತಿಗೆ ಉಳಿದದ್ದು ಮಾಯಾಂಡಿಯ ಬಾಗಿಲಿನ ಸೊಪ್ಪೊಂದೇ. ಮೂರು ದಿನದಿಂದ ಆ ತುದಿಗೆ ಒಬ್ಬರೂ ಸುಳಿದಿರಲಿಲ್ಲ. ಈಗ ಅವನ ಜಗುಲಿಯ ಮೇಲೆ ಒಬ್ಬರು ಎಳನೀರು ಇಟ್ಟು ಹೋದರು, ಇನ್ನೊಬ್ಬರು ತಾಟಿನುಂಗು. ಎಲ್ಲರಿಗಿಂತ ಕೊನೆಗೆ ಬಂದ ಚೆಲ್ಲಮ್ಮಾಳ್ ತನ್ನ ಮಜ್ಜಿಗೆಯ ಚೊಂಬು ಇಡಲು ಜಾಗ ಹುಡುಕಬೇಕಾಯಿತು.