ಕೊಳವೆಯ ಬಾಯಿ

"ಕೊಳವೆ ಒಳಗೆ ಎಳಿ ಅಂದ್ರೆ ಕಂಬದ ಹಾಗೆ ನಿಂತಿದೀಯಲ್ಲೇ, ದರಿದ್ರದವಳೇ. ಹನ್ನೆರಡು ಹೊಡೆದಿದ್ದು ಕೇಳಿಸ್ಲಿಲ್ವಾ?"

ಇಂಜಿನಿಯರು ಹೊಸ್ತಿಲಾಚೆಯೇ ನಿಂತಿದ್ದ. ಯಂತ್ರದ ಕೋಣೆಗೆ ಬಂದವರು ಹೆಸರು ಬರೆದು ಸಹಿ ಹಾಕಬೇಕು. ಕಸ ಗುಡಿಸುವವಳ ಸಹಿ ಯಾರಿಗೂ ಬೇಡ. ಅದಕ್ಕೇ ಆ ಕೆಲಸ ಅವಳ ಪಾಲಿಗೆ ಬಂದಿತ್ತು.

ನಗರಸಭೆಯ ಮೇಲಂತಸ್ತಿನ ಆ ಯಂತ್ರ ಊರಿನ ಗಾಳಿ ಅಳೆಯುತ್ತದೆ. ಕಿಟಕಿಯಾಚೆ ಚಾಚಿದ ಬಿಳಿ ಕೊಳವೆಯೇ ಅದರ ಮೂಗು. ಲಾರಿಗಳ ಹೊಗೆ ಬಿಸಿಲಿಗೆ ಬೆಂದು ಓಝೋನ್ ಆಗುತ್ತದೆ, ಎದೆ ಸುಡುತ್ತದೆ. ಅಂಕಿ ಎಪ್ಪತ್ತು ದಾಟಿದರೆ ಹಗಲು ಲಾರಿ ಓಡಿಸುವಂತಿಲ್ಲ ಎಂದು ನಗರಸಭೆಯ ಶುದ್ಧ ಗಾಳಿ ಯೋಜನೆಯೇ ಹೇಳುತ್ತದೆ. ಲಾರಿಗಳು ಅಧ್ಯಕ್ಷರ ಭಾವಮೈದುನನವು. ಹಾಗಾಗಿ ಹನ್ನೆರಡರಿಂದ ನಾಲ್ಕರವರೆಗೆ ಆ ಮೂಗು ಎ.ಸಿ. ಕೋಣೆಯ ಗಾಳಿ ಕುಡಿಯುತ್ತದೆ.

ಅವಳಿಗೆ ಇದೆಲ್ಲ ಗೊತ್ತಿರಲಿಲ್ಲ. "ಬಿಸಿಲಿಗೆ ಕೊಳವೆ ಸೀಳುತ್ತೆ" ಎಂದಿದ್ದರು, ನಂಬಿದ್ದಳು. ಆಟಕ್ಕೆ ಹೋದ ಮಗುವನ್ನು ನೆರಳಿಗೆ ಕರೆದುಕೊಳ್ಳುವ ಹಾಗೆ ದಿನಾ ಒಳಗೆಳೆದು, ಒದ್ದೆ ಬಟ್ಟೆಯಿಂದ ಒರೆಸಿಯೂ ಇಡುತ್ತಿದ್ದಳು.

ನಿನ್ನೆ ಮಗಳು ಶಾಲೆಯ ಮೈದಾನದಲ್ಲಿ ಬಿದ್ದಳು.

"ಮಗೂಗೆ ಉಬ್ಬಸ, ಮಧ್ಯಾಹ್ನ ಓಡಿಸ್ಬೇಡಿ ಅಂತ ಕಾಲಿಗೆ ಬಿದ್ದಿದ್ನಲ್ಲ ಸಾರ್."

"ಗೇಟಿನ ಬೋರ್ಡು ಓದಮ್ಮ. ಗಾಳಿ ಚೆನ್ನಾಗಿದೆ ಅಂತ ನಗರಸಭೆಯವ್ರೇ ಹಾಕಿದಾರೆ. ನಿನ್ನ ಮಗಳಿಗೆ ಉಬ್ಬಸ ಅಲ್ಲ, ಮೈಗಳ್ಳತನ," ಎಂದ ಡ್ರಿಲ್ ಮಾಸ್ತರ.

ಬೋರ್ಡಿನಲ್ಲಿ ಹಸಿರು ನಲವತ್ತೊಂದು. ಸ್ವಲ್ಪ ಹೊತ್ತಿನ ಮುಂಚೆ ಕೊಳವೆ ಒಳಗೆಳೆದ ಮೇಲೆ ಯಂತ್ರದ ಮುಖದಲ್ಲಿ ಅಂಕಿ ಇಳಿದು ನಿಂತದ್ದೂ ಅದೇ ನಲವತ್ತೊಂದಕ್ಕೆ. ಮಗಳನ್ನು ಎತ್ತಿಕೊಂಡಿದ್ದ ಅವಳಿಗೆ ಆಗ ಹೊಳೆಯಿತು: ಅದು ಕೋಣೆಯ ಗಾಳಿಯ ಅಂಕಿ, ಈ ಮೈದಾನದ್ದಲ್ಲ.

ಈಗ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಪ್ರತಿ ಉಸಿರಿಗೂ ಕತ್ತಿನ ಕೆಳಗೆ ಹಳ್ಳ ಬೀಳುತ್ತದೆ. ತರಗತಿಯ ಉಳಿದ ಮಕ್ಕಳು ಇವತ್ತೂ ಒಂದು ಗಂಟೆಗೆ ಮೈದಾನಕ್ಕೆ ಇಳಿಯುತ್ತಾರೆ.

"ನಾಳೆಯಿಂದ ಬೇರೆಯವಳನ್ನ ಇಟ್ಕೊಳ್ತೀನಿ, ಮುಂಡೆ," ಎಂದ ಇಂಜಿನಿಯರು.

"ಇಟ್ಕೊಳ್ಳಿ ಸಾಹೇಬ್ರೇ. ಇವತ್ತು ನಾನಿದೀನಲ್ಲ."

ಬಾಗಿಲು ದೂಡಿ ಚಿಲಕ ಹಾಕಿದಳು. ಕೊಳವೆಯನ್ನು ಇನ್ನೊಂದು ಮೊಳ ಹೊರಗೆ ತಳ್ಳಿದಳು. ಬಿಸಿಲೇರಿದಂತೆ ಅಂಕಿಯೂ ಏರಿತು: ಐವತ್ತೆಂಟು. ಎಪ್ಪತ್ತಾರು. ತೊಂಬತ್ತು. ಒಂದು ಗಂಟೆಗೆ ಸರಿಯಾಗಿ ಯಂತ್ರ ಈ ಅಂಕಿಯನ್ನು ಊರಿನ ಬೋರ್ಡುಗಳಿಗೆಲ್ಲ ಕಳಿಸುತ್ತದೆ. ಕೆಳಗಿನ ಸಭಾಂಗಣದಲ್ಲಿ ನಡೆಯುತ್ತಿದ್ದ ಸಭೆಯಲ್ಲಿ ಅದೇ ಗಾಳಿ ಯೋಜನೆಯ ಯಶಸ್ಸಿಗೆ ಚಪ್ಪಾಳೆ ಬಿತ್ತು.

ಬಾಗಿಲ ಮೇಲಿನ ಗುದ್ದು ನಿಂತು, ದನಿ ಮೆತ್ತಗಾಯಿತು. "ಅಕ್ಕಾ, ಚಿಲಕ ತೆಗಿಯಮ್ಮ. ನಮ್ಮನೇಲೂ ಮಕ್ಕಳಿದಾವೆ. ನನ್ನ ಕೆಲಸ ಹೋಗುತ್ತೆ."

"ಮಕ್ಕಳಿದ್ರೆ ಕಿಟಕಿ ಮುಚ್ಚಿ ಒಳಗೆ ಕೂಡಿಸ್ಕೊಳ್ಳಿ. ಈ ಹೊತ್ತಲ್ಲಿ ಹೊರಗೆ ಬಿಡ್ಬೇಡಿ," ಎಂದಳು ಅವಳು. ವ್ಯಂಗ್ಯವಾಗಿ ಹೇಳಲಿಲ್ಲ.

ನೂರ ಹನ್ನೆರಡು. ಒಂದಾಗಲು ಇನ್ನು ಆರು ನಿಮಿಷ.

ಕರೆಂಟು ಹೋಯಿತು. ಫ್ಯೂಸ್ ಕಿತ್ತಿದ್ದರು. ಯಂತ್ರದ ಮುಖ ಕಪ್ಪಾಯಿತು. ಎಷ್ಟು ತಟ್ಟಿದರೂ ಏಳಲಿಲ್ಲ.

ಅವಳು ಕಿಟಕಿಯನ್ನು ಪೂರ್ತಿ ತೆರೆದು ಸೊಂಟದವರೆಗೆ ಹೊರಗೆ ಬಾಗಿದಳು. "ನೂರ ಹನ್ನೆರಡು," ಎಂದು ಬೀದಿಗೆ ಕೂಗಿದಳು. "ಮಕ್ಕಳನ್ನ ಒಳಗೆ ಕರ್ಕೊಳ್ರೋ."

ಸಾಲುಗಟ್ಟಿದ ಲಾರಿಗಳ ಹಾರ್ನ್ ಸದ್ದು ಆ ಮಾತನ್ನು ನುಂಗಿತು. ಕೆಳಗೆ ಯಾರೂ ತಲೆಯೆತ್ತಲಿಲ್ಲ. ಹಿಂದೆ ಚಿಲಕದ ಮೊಳೆಗಳು ಒಂದೊಂದೇ ಕಿತ್ತುಬರುತ್ತಿದ್ದವು. ಅವಳು ಆ ಗಾಳಿಯನ್ನೇ ಎದೆ ತುಂಬ ಎಳೆದುಕೊಂಡು, ಕೆಮ್ಮಿ, ಮತ್ತೆ ಕೂಗಿದಳು.