ಒಂಬತ್ತು ಹೊಗೆಯ ಊರು

ಜೂರಾಕಾನ್‌ಳ ಬಾಯಿಗೆ ಬೀಗ ಹಾಕುವ ಗಂಡಸು ಉಜ್ಗೆನ್ ಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಂಥವಳು ಎರಡು ದಿನ ಪ್ರಯಾಣ ಮಾಡಿ, ಘಟ್ಟ ದಾಟಿ, ಕೊಕ್‌ಜಾರ್ ಕಣಿವೆಯಲ್ಲಿ ಮಗಳ ಮನೆಯ ಮುಂದೆ ಕಾರಿನಿಂದ ಇಳಿದಾಗ ಚಳಿಗೆ ಹಲ್ಲು ಕಚ್ಚಿಕೊಂಡು ಒಂದು ಗಳಿಗೆ ಸುಮ್ಮನೆ ನಿಂತಳು. ಒಂದು ಗಳಿಗೆ ಅಷ್ಟೇ. ಒಳಗೆ ಹೋಗಿ ಒಲೆಯ ಪಕ್ಕ ಕೂತು, ಎರಡು ಬಟ್ಟಲು ಚಹಾ ಗಂಟಲಿಗೆ ಇಳಿದ ಮೇಲೆ ಶುರುವಾಯಿತು.

"ಅಲ್ಲ ಕಣೆ ಮೀರಿಮ್, ನಮ್ಮೂರಲ್ಲಿ ಜರ್ದಾಳು ಮರ ಹೂ ಬಿಟ್ಟು ಉದುರಿಸ್ತಾ ಇದೆ. ಇಲ್ಲಿ ನೋಡಿದ್ರೆ ಬಕೆಟ್ಟಲ್ಲಿರೋ ನೀರನ್ನ ಕೊಡಲಿ ತಗೊಂಡು ಒಡೀಬೇಕು. ಅಲ್ಲಿ ಹುಟ್ಟೋ ಸೂರ್ಯಾನೇ ಏನೇ ಇಲ್ಲೂ ಹುಟ್ಟೋದು?"

ಅಲ್ಲಿಂದ ಮುಂದಕ್ಕೆ ತಡೆಯೇ ಇಲ್ಲ. ತನ್ನ ಓಣಿಯಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ, ಇಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ನರಪಿಳ್ಳೆಯಿಲ್ಲ. ಅಲ್ಲಿ ಬಾಗಿಲು ತೆಗೆದರೆ ಅಕ್ಕಿ ಪೇಟೆ, ಆಸ್ಪತ್ರೆ, ಬಟ್ಟೆ ಹೊಲಿಯುವವಳು. ಇಲ್ಲಿ ಸೂಜಿ ಬೇಕೆಂದರೂ ಘಟ್ಟ ಇಳಿಯಬೇಕು, ಅದೂ ಹಿಮ ದಾರಿ ಬಿಟ್ಟರೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಜೂರಾಕಾನ್‌ಗೆ ಈ ಬೆಟ್ಟಗಳು ದೂರದಿಂದಲೂ ನುಣ್ಣಗೆ ಕಂಡಿರಲಿಲ್ಲ. ಅಳಿಯ ಎಸೆನ್ ಒಳ್ಳೆಯ ಹುಡುಗ. ಚಹಾವನ್ನೂ ಬೈಗುಳವನ್ನೂ ಒಟ್ಟಿಗೆ ನುಂಗಿ, ಅತ್ತೆಯ ಬಟ್ಟಲು ಮತ್ತೆ ತುಂಬಿಸಿದ.

ಆದರೆ ಅವನ ಕಣ್ಣು ಅತ್ತೆ ತಂದಿದ್ದ ದೊಡ್ಡ ಪೆಟ್ಟಿಗೆಯ ಮೇಲೇ ಇತ್ತು. ಇಳಿಸುವಾಗ ಒಂದೇ ಕೈಗೆ ಎದ್ದು ಬಂದಿತ್ತು ಅದು. ಒಳಗೆ ಏನೂ ಇಲ್ಲ, ಖಾಲಿ.

ಬಸುರಿ ಮಗಳನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವುದಕ್ಕೆ ಯಾರ ತಕರಾರೂ ಇರಲಿಲ್ಲ. ಅದಕ್ಕೆ ಒಂದು ಗಂಟು ಸಾಕು, ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಅವಳ ಬೇಸಿಗೆ ಬಟ್ಟೆ, ಚಳಿ ಬಟ್ಟೆ, ಮದುವೆಯ ಹಾಸಿಗೆ ಹೊದಿಕೆ ಎಲ್ಲವನ್ನೂ ತುಂಬಿ ಒಯ್ಯಲಿಕ್ಕೆ. ಹೆರಿಗೆಯಾದ ಮೇಲೆ ಮಗಳನ್ನು ಮರಳಿ ಈ ಮಂಜುಗಡ್ಡೆಗೆ ಕಳಿಸಬಾರದು, ಹೆಂಡತಿ ಮಗು ಬೇಕಿದ್ದರೆ ಅಳಿಯನೇ ಕೆಳಗಿಳಿದು ಬರಲಿ ಎಂದು ಜೂರಾಕಾನ್ ಊರಲ್ಲೇ ತೀರ್ಮಾನಿಸಿ ಹೊರಟಿದ್ದಳು. ಮೀರಿಮ್‌ಗೂ ಪೆಟ್ಟಿಗೆ ನೋಡಿದ ಕೂಡಲೇ ಅರ್ಥವಾಯಿತು. ತಾಯಿಯ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಹುಡುಗಿ. ಹೋದರೆ ತಿರುಗಿ ಬರುವುದಿಲ್ಲವೆಂದು ಗೊತ್ತಾಗಿ, ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಅತ್ತಳು.

ಜೂರಾಕಾನ್‌ಳ ಗಂಡ ಎರ್ಗೆಶ್ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ಮೇಲಿನ ಪ್ರೀತಿ ಎಷ್ಟು, ಖಾಲಿ ಮನೆಯ ಭಯ ಎಷ್ಟು ಎಂದು ಜೂರಾಕಾನ್ ತೂಗಿ ನೋಡಿರಲಿಲ್ಲ.

ಸಂಜೆ ಬೀಗಿತ್ತಿಯನ್ನು ಮಾತಾಡಿಸಲು ಮುಕಾಶ್ ಅಜ್ಜ ಕುದುರೆಯೇರಿ ಬಂದ. ಎಸೆನ್‌ನ ತಂದೆ ತಾಯಿ ಇಬ್ಬರೂ ಇಲ್ಲ. ಅವನ ಪರವಾಗಿ ಹೆಣ್ಣು ಕೇಳಲು ಹೋದವನೇ ಈ ಅಜ್ಜ. ಬೀಗರು ಬೀಗಿತ್ತಿಯರು ಕಾಲೆಳೆಯದಿದ್ದರೆ ಉಂಡ ಅನ್ನ ಅರಗುತ್ತದೆಯೇ? ಜೂರಾಕಾನ್ ಕೂತಲ್ಲಿಂದಲೇ, ಬೀಗರೇ, ನಿಮ್ಮೂರಲ್ಲಿ ಒಟ್ಟು ಎಷ್ಟು ಜನ ಎಂದು ಕೇಳಿದಳು.

"ಒಂಬತ್ತು ಹೊಗೆ," ಅಂದ ಅಜ್ಜ.

"ನಾನು ಕೇಳಿದ್ದು ಜನಾನ, ಹೊಗೆಯನ್ನಲ್ಲ. ನಮ್ಮೂರಲ್ಲಿ ರೊಟ್ಟಿ ಅಂಗಡಿ ಮುಂದೆ ನಿಂತಿರ್ತಾರೆ ಇದಕ್ಕಿಂತ ಜಾಸ್ತಿ."

"ಹೊಗೆ ಇದ್ದಲ್ಲಿ ಜನ ಇದ್ದೇ ಇರ್ತಾರೆ ಬೀಗಿತ್ತಿ. ರೊಟ್ಟಿ ಅಂಗಡಿ ಮುಂದೆ ಇರೋರೆಲ್ಲಾ ನಿಮಗೆ ಗೊತ್ತಾ?"

ಜೂರಾಕಾನ್ ಮೂಗು ಮುರಿದಳು. ಉತ್ತರ ಹೊಳೆಯದಿದ್ದಾಗ ಅವಳು ಮಾಡುತ್ತಿದ್ದುದು ಅದನ್ನೇ.

ಮರುದಿನ ಎಸೆನ್ ಹೆಂಡತಿಯನ್ನು ಘಟ್ಟದ ಕೆಳಗಿನ ಆಟ್‌ಬಾಷಿ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದ. ಅಲ್ಲೇ ಒಂದು ರಾತ್ರಿ ಉಳಿದು ಬರಬೇಕು. ಇನ್ನೊಮ್ಮೆ ಕಾರಿನಲ್ಲಿ ಕೂರುವ ಶಕ್ತಿ ತನ್ನ ಮಂಡಿಗಳಿಗಿಲ್ಲ ಎಂದು ಜೂರಾಕಾನ್ ಮನೆಯಲ್ಲೇ ನಿಂತಳು. ಮೀರಿಮ್ ಬೆರಣಿಯ ಗೂಡು ತೋರಿಸಿ, ಬೆಳಿಗ್ಗೆ ಎದ್ದ ಕೂಡಲೇ ಮೊದಲು ಒಲೆ ಹಚ್ಚಮ್ಮ, ಮರೀಬೇಡ ಎಂದು ಎರಡೆರಡು ಸಲ ಹೇಳಿದಳು. ಹೆತ್ತವಳಿಗೇ ಒಲೆ ಹಚ್ಚುವುದನ್ನು ಹೇಳಿಕೊಡುತ್ತೀಯಾ ಎಂದು ತಾಯಿ ಬೈದು ಕಳಿಸಿದಳು.

ಬೆಳಿಗ್ಗೆ ಎಚ್ಚರವಾದಾಗ ಒಲೆ ಆರಿತ್ತು. ಅವಳು ಏಳಲಿಲ್ಲ. ಮೂರು ರಜಾಯಿಗಳ ಕೆಳಗೆ ಬೆಚ್ಚಗಿದೆ, ಒಂದು ಮುದಿ ಜೀವಕ್ಕೆ ಅಷ್ಟು ಬೆರಣಿ ಯಾಕೆ ಸುಡಬೇಕು? ತನಗೊಬ್ಬಳಿಗೆ ಅಂತ ಒಲೆ ಹಚ್ಚುವುದನ್ನು ಅವಳು ಎರ್ಗೆಶ್ ಹೋದ ದಿನದಿಂದಲೇ ಬಿಟ್ಟಿದ್ದಳು. ಉಜ್ಗೆನ್‌ನಲ್ಲೂ ಅವಳ ಬೆಳಗಿನ ಊಟ ಅಂದರೆ ನಿನ್ನೆಯ ರೊಟ್ಟಿ, ತಣ್ಣೀರು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬಿಸಿಲು ಕಿಟಕಿಗೆ ಬಂದರೂ ರಜಾಯಿಯನ್ನು ತಲೆಯ ಮೇಲೆಳೆದು ಮಲಗಿದಳು.

ಆಗ ಕುದುರೆಯ ಗೊರಸಿನ ಸದ್ದು, ಅದರ ಬೆನ್ನಿಗೇ ಗಂಡಸೊಬ್ಬನ ಗೋಳು. ಸಾವಿನ ಮನೆಗೆ ಬರುವ ಗಂಡಸು ದೂರದಿಂದಲೇ ದನಿ ತೆಗೆದು ಅಳುತ್ತಾ ಬರಬೇಕು. ಉಜ್ಗೆನ್‌ನಲ್ಲೂ ಅದೇ ಪದ್ಧತಿ, ಇಲ್ಲೂ ಅದೇ. ಜೂರಾಕಾನ್ ದಡಕ್ಕನೆ ಎದ್ದು ಕೂತಳು. ಮಂಜುಗಟ್ಟಿದ ಘಟ್ಟದ ದಾರಿ, ಎಸೆನ್‌ನ ಹಳೆಯ ಕಾರು, ಬಸುರಿ ಮಗಳು. ರಜಾಯಿ ಸುತ್ತಿಕೊಂಡೇ ಬರಿಗಾಲಲ್ಲಿ ಹೊರಗೋಡಿದಳು. ಓಡುತ್ತಲೇ ಅವಳೂ ದನಿ ತೆಗೆದಳು. ಅಂಗಳದಲ್ಲಿ ಮುಕಾಶ್ ಅಜ್ಜ ಕುದುರೆಯಿಂದಿಳಿದು, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಅಯ್ಯೋ ನನ್ನ ತಂಗಿಯೇ, ಬಂದವಳು ಹೋಗೇಬಿಟ್ಟೆಯಲ್ಲೇ ಎಂದು ಅಳುತ್ತಿದ್ದಾನೆ. ಇವಳು ಅವನೆದುರು ನಿಂತು, ಅಯ್ಯೋ ನನ್ನ ಕೂಸೇ ಎಂದು ಎದೆ ಬಡಿದುಕೊಳ್ಳುತ್ತಿದ್ದಾಳೆ. ಇಬ್ಬರೂ ಹೀಗೆ ಎದುರುಬದುರು ಚೆನ್ನಾಗಿಯೇ ಅತ್ತರು.

"ಹೇಳಿ ಬೀಗರೇ, ಏನಾಯ್ತು ನನ್ನ ಮಗಳಿಗೆ?"

ಅಜ್ಜ ಕಣ್ಣು ಬಿಟ್ಟ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮಗಳಿಗೇನೂ ಆಗಿಲ್ಲ," ಅಂದ. "ಸತ್ತಿದ್ದು ನೀವು."

ಅಷ್ಟರಲ್ಲಿ ಕಣಿವೆಯ ಉಳಿದ ಮನೆಗಳವರೂ ಕುದುರೆ, ಕತ್ತೆ, ಕಾಲ್ನಡಿಗೆಯಲ್ಲಿ ಬಂದು ಸೇರಿದರು. ಪಕ್ಕದ ಮನೆಯ ಬುರುಲ್ ಬಕೆಟ್ಟಿನಲ್ಲಿ ಕೆಂಡ ತಂದಿದ್ದಳು, ಇನ್ನೊಬ್ಬಳು ಹಿಟ್ಟು. ಪಕ್ಕದ ಮನೆ ಅಂದರೆ ಹೊಳೆಯಾಚೆ. ಅಜ್ಜ ಕಣ್ಣೊರೆಸಿಕೊಂಡು ಬೈಯಲು ಶುರುಮಾಡಿದ. ಈ ಊರಲ್ಲಿ ಬದುಕಿರುವವರು ಬೆಳಿಗ್ಗೆ ಹೊಗೆ ಬಿಡಬೇಕು. ಎದ್ದವರು ಬಾಗಿಲಿಗೆ ಬಂದು ಮೊದಲು ನೋಡುವುದೇ ಒಂಬತ್ತು ಹೊಗೆ ಇದೆಯೇ ಎಂದು. ಒಂದು ಕಡಿಮೆಯಾದರೆ ಚಹಾ ಕುಡಿಯದೆ ಹೊರಡುವುದು. ವಯಸ್ಸಾದ ಬೀಗಿತ್ತಿ ಒಬ್ಬಳೇ ಇದ್ದಾಳೆ, ಹೊತ್ತೇರಿದರೂ ಹೊಗೆಯಿಲ್ಲ; ಅಳದೆ ಇನ್ನೇನು ಹಾಡು ಹೇಳಿಕೊಂಡು ಬರಬೇಕಿತ್ತೇ?

ಜೂರಾಕಾನ್‌ಗೆ ನಗು ಬಂತು. ಹೊಸ್ತಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅದು ಅಳುವಾಯಿತು. ಪದ್ಧತಿಯ ಅಳುವಲ್ಲ ಅದು. ಬುರುಲ್ ಬಂದು ತನ್ನ ಉಣ್ಣೆಯ ಬೂಟು ಬಿಚ್ಚಿ ಅವಳ ಕಾಲಿಗೆ ತೊಡಿಸಿದಳು.

"ನಮ್ಮ ಯಜಮಾನ್ರು ಬೆಳಿಗ್ಗೇನೇ ಹೋಗ್ಬಿಟ್ಟಿದ್ರು," ಅಂದಳು ಜೂರಾಕಾನ್. "ನಾನು ಮದುವೆಮನೆಗೆ ಹೋಗಿದ್ದೆ. ಸಂಜೆ ಬಂದು ಬಾಗಿಲು ತೆಗೆಯೋವರೆಗೂ ಅಂಗಳದಲ್ಲಿ ಒಬ್ರೇ ಬಿದ್ದಿದ್ರು. ಗೋಡೆ ಆಚೆ ಓಣೀಲಿ ದಿನವಿಡೀ ಜನ ಓಡಾಡ್ತಾನೇ ಇದ್ರು."

ಓಣಿಯವರು ಕೆಟ್ಟವರಲ್ಲ, ಸುದ್ದಿ ತಿಳಿದ ಮೇಲೆ ಓಣಿಗೆ ಓಣಿಯೇ ಬಂದು ಅತ್ತಿತ್ತು ಎಂದೂ ಅವಳು ಹೇಳಿದಳು. ಅಷ್ಟು ಮನೆಗಳ ಹೊಗೆಯಲ್ಲಿ ಯಾರದು ಏಳಲಿಲ್ಲವೆಂದು ಯಾರು ತಾನೇ ನೋಡಿಯಾರು? ಆದರೆ ಅವಳ ಎದೆಗೆ ಎರಡು ವರ್ಷದಿಂದ ಒತ್ತುತ್ತಿದ್ದುದು ಆ ಒಂದು ಹಗಲೇ. ಅಜ್ಜ ಟೋಪಿ ತೆಗೆದು ತಲೆ ತಗ್ಗಿಸಿದ.

ಅತ್ತು ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಬುರುಲ್ ತಂದ ಕೆಂಡದಿಂದಲೇ ಜೂರಾಕಾನ್ ಒಲೆ ಹಚ್ಚಿದಳು. ಹಿಟ್ಟು ನಾದಿ, ಬಾಣಲೆಯಿಟ್ಟು, ಬೋರ್ಸೋಕ್ ತುಣುಕುಗಳನ್ನು ಕರಿದಳು. ಕಾದ ಎಣ್ಣೆಯ ಪರಿಮಳ ಹೋದವರಿಗೆ ಮುಟ್ಟುತ್ತದೆ ಎನ್ನುತ್ತಾರೆ. ಮೊದಲ ಹಿಡಿಯನ್ನು ಎರ್ಗೆಶ್‌ನ ಹೆಸರು ಹೇಳಿ ಎಣ್ಣೆಗೆ ಬಿಟ್ಟಳು. ಇನ್ನೊಬ್ಬರಿಗಾಗಿ ಒಲೆಯ ಮುಂದೆ ನಿಂತು ಎಷ್ಟು ಕಾಲವಾಗಿತ್ತೋ. ದೇವರೇ, ನೀನು ದೊಡ್ಡವನು, ನನ್ನ ಮಗಳನ್ನು ಎಂಥವರ ನಡುವೆ ಇಟ್ಟಿದ್ದೀ ಎಂದು ಬಾಯಿಬಿಟ್ಟೇ ಹೇಳಿದಳು.

ಮಧ್ಯಾಹ್ನ ಎಸೆನ್‌ನ ಕಾರು ತಿರುವಿಗೆ ಬಂದಾಗ ಮನೆ ಮುಂದೆ ಊರ ಕುದುರೆಗಳೆಲ್ಲ ಕಟ್ಟಿದ್ದವು. ಎಸೆನ್ ಬೆವೆತುಹೋದ. ಮೀರಿಮ್ ಮಾತ್ರ ಹೆದರಲಿಲ್ಲ. ಹೊಗೆ ಚೆನ್ನಾಗಿ ಏಳುತ್ತಿತ್ತು.

ಜೂರಾಕಾನ್ ಹೊರಟ ದಿನ ಎಸೆನ್ ಪೆಟ್ಟಿಗೆಯನ್ನು ಕಾರಿನತ್ತ ಒಯ್ದ. ಅವಳು ತಡೆದಳು.

"ಅದು ಇಲ್ಲೇ ಇರಲಿ ಅಳಿಯಂದ್ರೇ, ಕೂಸಿನ ಬಟ್ಟೆಗೆ ಬೇಕಾಗುತ್ತೆ. ಹೆರಿಗೆ ಹತ್ತಿರ ಬಂದಾಗ ಇವಳನ್ನ ಕರ್ಕೊಂಡು ಬನ್ನಿ. ನಲವತ್ತು ದಿನ ಕಳೀಲಿ, ತಾಯಿ ಮಗೂನ ನಾನೇ ಕೈಯಾರೆ ತಂದು ಬಿಡ್ತೀನಿ."

ಮೀರಿಮ್ ತಾಯಿಯ ಕೊರಳಿಗೆ ಬಿದ್ದಳು. ಮುಕಾಶ್ ಅಜ್ಜ ಕಾರಿನ ಕಿಟಕಿಗೆ ಬಗ್ಗಿ, ಇವತ್ತಿನಿಂದ ನಮ್ಮೂರಿಗೆ ಹತ್ತು ಹೊಗೆ, ನಿಮ್ಮದು ಮಾತ್ರ ನಮಗೆ ಕಾಣಿಸುವುದಿಲ್ಲ, ಒಲೆ ಹಚ್ಚಿದ ಕೂಡಲೇ ಒಂದು ಫೋನ್ ಮಾಡಿ ಎಂದ. ಮಾಡದಿದ್ದರೆ ಅಳುತ್ತಾ ಹೊರಟು ಬರುತ್ತೇನೆ ಎಂದು ಹೆದರಿಸಿದ. ಜೂರಾಕಾನ್ ಎಂದಿನಂತೆ ಮೂಗು ಮುರಿದಳು.

ಉಜ್ಗೆನ್‌ಗೆ ಮುಟ್ಟಿದ ಮರುದಿನ ಬೆಳಿಗ್ಗೆ ಅವಳು ಅಂಗಳದ ಒಲೆಗೆ ಜರ್ದಾಳು ಕಟ್ಟಿಗೆ ಹಾಕಿ ಹಚ್ಚಿದಳು. ತನಗೊಬ್ಬಳಿಗೇ. ಓಣಿಯ ಹೊಗೆಗಳ ನಡುವೆ ತನ್ನದೂ ಎದ್ದಿದ್ದನ್ನು ನೋಡಿ, ಚಹಾಕ್ಕೆ ಮೊದಲೇ ಫೋನ್ ಎತ್ತಿಕೊಂಡಳು.

"ಹೊಗೆ ಎದ್ದಿದೆ ಬೀಗರೇ."

"ಸರಿ ತಂಗಿ," ಅಂದ ಮುಕಾಶ್ ಅಜ್ಜ ಆ ಕಡೆಯಿಂದ. "ಹಾಗಾದ್ರೆ ಕುದುರೆ ಜೀನು ಬಿಚ್ತೀನಿ."